ಕಬಿನಿ 2284 ಅಡಿ, ಕೆಆರ್‌ಎಸ್ 124 ಅಡಿ: ಇದರಲ್ಲಿ ನೀರೆಷ್ಟು ಸ್ವಾಮಿ?

ಸಂಪಾದಕರೇ,

ಹೋದ ವಾರ ನನ್ನ ಮಗಳು ನಿಮ್ಮ ಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿ ನೋಡಿ ಒಂದು ಪ್ರಶ್ನೆ ಕೇಳಿದಳು. ಏಳನೇ ಕ್ಲಾಸು ಓದುತ್ತಾಳೆ. "ಅಪ್ಪಾ, ಕೆಆರ್‌ಎಸ್‌ಗಿಂತ ಹಾರಂಗಿ ಅಷ್ಟೊಂದು ದೊಡ್ಡದಾ?" ಪಟ್ಟಿ ನೋಡಿದರೆ ಅವಳ ತಪ್ಪೇನೂ ಇಲ್ಲ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ಅದರ ಕೆಳಗೇ ಕಬಿನಿ 2284 ಅಡಿ, ಹೇಮಾವತಿ 2922 ಅಡಿ, ಹಾರಂಗಿ 2859 ಅಡಿ. ಇದನ್ನು ನೋಡಿದವರಿಗೆ ಕೆಆರ್‌ಎಸ್ ಊರಾಚೆಯ ಒಂದು ಕಟ್ಟೆ, ಹಾರಂಗಿ ಸಮುದ್ರ ಅಂತಲೇ ಅನ್ನಿಸಬೇಕು. ನಿಜ ಏನೆಂದರೆ ಕೆಆರ್‌ಎಸ್ 49.45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತದೆ, ಹಾರಂಗಿ ಎಂಟೂವರೆ. ಕೆಆರ್‌ಎಸ್‌ನ ಅಡಿಯನ್ನು ಹೊಳೆಯ ತಳದಿಂದ ಅಳೆಯುತ್ತಾರೆ, ಉಳಿದವನ್ನು ಸಮುದ್ರ ಮಟ್ಟದಿಂದ. ಒಂದೇ ಪಟ್ಟಿ, ಒಂದೇ ಕಾಲಂ, ಅಳತೆ ಶುರುವಾಗುವ ಜಾಗ ಮಾತ್ರ ಬೇರೆ ಬೇರೆ. ಇದನ್ನು ಮಗಳಿಗೆ ಹೇಳಿದೆ. "ಮತ್ತೆ ಪೇಪರ್‌ನಲ್ಲಿ ಯಾಕೆ ಬರೆದಿಲ್ಲ?" ಅಂದಳು. ಆ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ.

ಸುಮ್ನೆ ತಪ್ಪು ಹುಡುಕುವ ಓದುಗ ಅಂತ ತಿಳಿಯಬೇಡಿ. ಜನರ ಮುಂದೆ ಅಂಕಿ ಇಡುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಅದರಲ್ಲೂ ಜನ ಸಿಟ್ಟಲ್ಲಿ ಇದ್ದಾಗ. ನಾನೂ ಒಮ್ಮೆ ಕೆಟ್ಟದಾಗಿ ಎಡವಿದ್ದೇನೆ.

2024ರ ಮಾರ್ಚ್ ನಿಮಗೆ ನೆನಪಿರಬೇಕು. ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕೈಮುಗಿದು ನಿಂತ ತಿಂಗಳು. ನಮ್ಮದು ಸರ್ಜಾಪುರ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟ್, 96 ಮನೆ. ಆಗ ಕಾವೇರಿ ನೀರು ನಮ್ಮ ಕಡೆ ಬಂದಿರಲಿಲ್ಲ. ನಾನು ಸಂಘದ ಖಜಾಂಚಿ. ಒಂದು ಭಾನುವಾರ ಸಂಜೆ ಬೇಸ್‌ಮೆಂಟಿನಲ್ಲಿ ತುರ್ತು ಸಭೆ ಕರೆದರು. ನಾನು ಎರಡು ರಾತ್ರಿ ನಿದ್ದೆಗೆಟ್ಟು ಎಕ್ಸೆಲ್ ಮಾಡಿದ್ದೆ. 14 ಕಾಲಂ. ಯಾವ ಬೋರ್‌ವೆಲ್ ಎಷ್ಟು ಗಂಟೆ ಓಡಿತು, ಯಾವ ಟ್ಯಾಂಕರ್ ಎಷ್ಟು ಹೊತ್ತಿಗೆ ಬಂತು, ಲೀಟರಿಗೆ ಎಷ್ಟು ಪೈಸೆ ಬಿತ್ತು, ಹೋದ ವರ್ಷಕ್ಕೂ ಈ ವರ್ಷಕ್ಕೂ ವ್ಯತ್ಯಾಸ ಎಷ್ಟು, ಎಲ್ಲ ಇತ್ತು. ಐದು ಬಣ್ಣದ ಗ್ರಾಫ್ ಬೇರೆ. ಗೋಡೆ ಮೇಲೆ ಪ್ರೊಜೆಕ್ಟರ್ ಬಿಟ್ಟೆ. ಹಿಂದಿನ ಸಾಲಿನವರಿಗೆ ಅಕ್ಷರ ಕಾಣುತ್ತಿರಲಿಲ್ಲ. ಮುಂದಿನ ಸಾಲಿನವರಿಗೆ ಕಾಣುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ಹತ್ತು ನಿಮಿಷ ಆಗುವಷ್ಟರಲ್ಲಿ ಯಾರೋ "ಟ್ಯಾಂಕರ್‌ನವರ ಹತ್ರ ಕಮಿಷನ್ ಎಷ್ಟು?" ಅಂತ ಕೂಗಿದರು. ಇನ್ನೊಬ್ಬರು ಆರನೇ ಕಾಲಂ ಮತ್ತು ಒಂಬತ್ತನೇ ಕಾಲಂ ತಾಳೆ ಆಗುತ್ತಿಲ್ಲ ಅಂದರು. ಅದು ತಾಳೆ ಆಗಬೇಕಾದದ್ದೇ ಅಲ್ಲ ಅಂತ ವಿವರಿಸಲು ಹೋಗಿ ನಾನೂ ದನಿ ಏರಿಸಿದೆ.

ಆಗ ಮೂರನೇ ಮಹಡಿಯ ಅಜ್ಜಿ ಒಬ್ಬರು ಎದ್ದು ನಿಂತರು. "ಅದೆಲ್ಲ ಇರ್ಲಿ ಕಣಪ್ಪ. ನಾಳೆ ಬೆಳಗ್ಗೆ ನಲ್ಲಿ ತಿರುಗಿಸಿದ್ರೆ ನೀರು ಬರುತ್ತಾ ಇಲ್ವಾ?"

ಉತ್ತರ ನನ್ನ ಎಕ್ಸೆಲ್‌ನಲ್ಲೇ ಇತ್ತು. ಆದರೆ ಹುಡುಕಿ ಹೇಳೋಕೆ ಐದು ನಿಮಿಷ ಹಿಡಿಯಿತು. ಆ ಐದು ನಿಮಿಷದಲ್ಲಿ ಸಭೆ ಮುಗಿದೇ ಹೋಯಿತು ಅನ್ನಿ.

ಇನ್ನೊಂದು ದೊಡ್ಡ ತಪ್ಪನ್ನೂ ಮಾಡಿದ್ದೆ. "ವಾರದ ಸರಾಸರಿ ನೋಡಿದರೆ ದಿನಕ್ಕೆ 48 ಸಾವಿರ ಲೀಟರ್ ಬಂದಿದೆ, ನಮ್ಮ ಬಳಕೆ 50 ಸಾವಿರ, ಹೆಚ್ಚುಕಡಿಮೆ ಸರಿಯಾಗಿದೆ" ಅಂದಿದ್ದೆ. ಲೆಕ್ಕ ಸರಿ. ಆದರೆ ಆ ವಾರ ಗುರುವಾರ ಒಂದೂ ಟ್ಯಾಂಕರ್ ಬಂದಿರಲಿಲ್ಲ, ಶನಿವಾರ ಅಗತ್ಯಕ್ಕಿಂತ ಜಾಸ್ತಿ ಬಂದಿತ್ತು. ಗುರುವಾರ ಬಕೆಟ್ ಹಿಡಿದು ಓಡಾಡಿದವನ ಮುಂದೆ ಸರಾಸರಿ ಹೇಳಿದರೆ ಅವನಿಗೆ ಸುಳ್ಳು ಹೇಳಿದಂತೆಯೇ ಕೇಳಿಸುತ್ತದೆ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿದಾಗಲೂ ಇದೇ ಆಯಿತು. ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು, ಅಂದರೆ ಒಂದೂವರೆ ಪಟ್ಟು. ಕೆಲವು ನಿಲ್ದಾಣಗಳ ನಡುವೆ ಮಾತ್ರ ದರ ದುಪ್ಪಟ್ಟಾಗಿತ್ತು. ಅಲ್ಲಿ ಓಡಾಡುವವರಿಗೆ ಒಂದೂವರೆ ಪಟ್ಟು ಅನ್ನುವ ಲೆಕ್ಕ ಕಟ್ಟಿಕೊಂಡು ಏನಾಗಬೇಕು? ಒಂದೇ ವಾರದೊಳಗೆ ಆ ದರಗಳನ್ನು ಮತ್ತೆ ಇಳಿಸಬೇಕಾಯಿತು.

ಸಭೆಯ ಮರುದಿನ ನಾನು ಎಕ್ಸೆಲ್ ಮುಚ್ಚಿಟ್ಟೆ. ಲಿಫ್ಟ್ ಪಕ್ಕದಲ್ಲಿ ಒಂದು ಬಿಳಿ ಬೋರ್ಡ್ ನೇತುಹಾಕಿದೆವು. ನಮ್ಮ ಸಂಪ್ 6 ಅಡಿ ಆಳ, 60 ಸಾವಿರ ಲೀಟರ್. ಗೋಡೆ ನೆಟ್ಟಗಿದೆ, ಹಾಗಾಗಿ ಒಂದು ಅಡಿಗೆ 10 ಸಾವಿರ ಲೀಟರ್, ಮೇಲಿನ ಅಡಿಯಾದರೂ ಅಷ್ಟೇ, ಕೆಳಗಿನ ಅಡಿಯಾದರೂ ಅಷ್ಟೇ. ಸೆಕ್ಯೂರಿಟಿಯವರು ದಿನಾ ಬೆಳಗ್ಗೆ ಬಿದಿರು ಕೋಲು ಇಳಿಸಿ ನೋಡುತ್ತಿದ್ದರು. ಬೋರ್ಡಿನಲ್ಲಿ ಹೀಗೆ ಬರೆಯುತ್ತಿದ್ದೆವು: "ಸಂಪ್ 3 ಅಡಿ. ಸಂಜೆ 6ರವರೆಗೆ ಸಾಕು. ಇವತ್ತು 3 ಟ್ಯಾಂಕರ್ ಬರಬೇಕು, 1 ಬಂದಿದೆ. ಮುಂದಿನದು ಯಾವಾಗ ಅಂತ ಗೊತ್ತಿಲ್ಲ." ಅಷ್ಟೇ. ಆ ಕೊನೆಯ "ಗೊತ್ತಿಲ್ಲ" ಬರೆಯುವಾಗ ಕೈ ನಡುಗಿತ್ತು, ಜನ ಬೈತಾರೆ ಅಂತ. ಯಾರೂ ಬೈಯಲಿಲ್ಲ. ಬಟ್ಟೆ ಒಗೆಯುವುದನ್ನು ಮುಂದಕ್ಕೆ ಹಾಕಿದರು. ಕಮಿಷನ್ ಮಾತು ನಿಂತಿತು. ನೀರು ಮೊದಲಿನಷ್ಟೇ ಕಡಿಮೆ ಇತ್ತು, ಅದೇನೂ ಬದಲಾಗಿರಲಿಲ್ಲ.

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ.

ಅಡಿ ಅನ್ನುವ ಅಳತೆ ಸಂಪಿಗೆ ಸರಿ, ಡ್ಯಾಂಗೆ ಸರಿ ಹೋಗುವುದಿಲ್ಲ. ಡ್ಯಾಂ ಒಂದು ಬಾಣಲೆ ಇದ್ದ ಹಾಗೆ. ತಳದಲ್ಲಿ ಕಿರಿದು, ಮೇಲೆ ಹೋದಷ್ಟೂ ಅಗಲ. ಕೆಆರ್‌ಎಸ್‌ನ ಮೇಲಿನ ಒಂದೊಂದು ಅಡಿಯಲ್ಲೂ ಒಂದು ಟಿಎಂಸಿಗಿಂತ ಜಾಸ್ತಿ ನೀರು ಇರುತ್ತದೆ, ತಳದ ಅಡಿಗಳಲ್ಲಿ ಅದರ ಸಣ್ಣ ಪಾಲು. ಹಾಗಾಗಿ "ಕೆಆರ್‌ಎಸ್ ಮಟ್ಟ 100 ಅಡಿ" ಅಂತ ನೀವು ಬರೆದಾಗ ಓದುವವನು ಏನು ಲೆಕ್ಕ ಹಾಕುತ್ತಾನೆ? 124ಕ್ಕೆ 100, ಅಂದರೆ ನೂರಕ್ಕೆ 80 ಭಾಗ ಇದೆ, ಪರವಾಗಿಲ್ಲ ಬಿಡು. ನಿಜಕ್ಕೂ 100 ಅಡಿ ಇದ್ದಾಗ ಅದರಲ್ಲಿರುವ ನೀರು ಅರ್ಧಕ್ಕಿಂತ ಕಡಿಮೆ. ಮಟ್ಟ ಐದಾರು ಅಡಿ ಏರಿದಾಗ "ಡ್ಯಾಂ ತುಂಬುತ್ತಿದೆ" ಅಂತ ಸಂಭ್ರಮ ಪಡುತ್ತೇವಲ್ಲ, ಆ ಐದಾರು ಅಡಿ ಕೆಳಗೋ ಮೇಲೋ ಅನ್ನುವುದರ ಮೇಲೆ ಅದರ ಬೆಲೆ ಪೂರ್ತಿ ಬೇರೆಯಾಗುತ್ತದೆ. ಕಬಿನಿಯದ್ದು ಇನ್ನೂ ತಮಾಷೆ. 2284ರಿಂದ 2274ಕ್ಕೆ ಇಳಿದರೆ ಅಂಕಿಯಲ್ಲಿ ನೂರಕ್ಕೆ ಅರ್ಧ ಭಾಗವೂ ಕಡಿಮೆ ಆದಂತೆ ಕಾಣುವುದಿಲ್ಲ. ಆದರೆ ಆ ಹತ್ತು ಅಡಿಯಲ್ಲಿ ಹೋಗಿರುವುದು ಹಲವು ಟಿಎಂಸಿ. ಕಬಿನಿ ಪೂರ್ತಿ ತುಂಬಿದರೂ ಇರುವುದೇ 19.52 ಟಿಎಂಸಿ.

ಇದರ ಮೇಲೆ ಭಾಷೆಯ ಗೊಂದಲ. ಒಂದೇ ನೀರಿಗೆ ನಾಲ್ಕು ಭಾಷೆ. ಡ್ಯಾಂನಲ್ಲಿ ನಿಂತಿದ್ದರೆ ಅಡಿ. ಹರಿದರೆ ಕ್ಯೂಸೆಕ್. ರಾಜ್ಯಗಳ ಪಾಲು ಹಂಚುವಾಗ ಟಿಎಂಸಿ. ಬೆಂಗಳೂರಿನ ಪೈಪಿಗೆ ಬಂದರೆ ಎಂಎಲ್‌ಡಿ. ಒಂದೇ ದಿನದ ಪೇಪರಿನಲ್ಲಿ ನಾಲ್ಕೂ ಇರುತ್ತವೆ, ಒಂದರಿಂದ ಇನ್ನೊಂದಕ್ಕೆ ದಾಟುವ ಸೇತುವೆ ಎಲ್ಲೂ ಇರುವುದಿಲ್ಲ. ಸೇತುವೆ ಕಟ್ಟುವುದು ಅಂಥ ಕಷ್ಟವೂ ಅಲ್ಲ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್, ಒಂದೂವರೆ ಬಕೆಟ್ ಅನ್ನಿ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,831 ಕೋಟಿ ಲೀಟರ್. ಒಂದು ದಿನ ಪೂರ್ತಿ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಈ ಒಂದು ಸಂಖ್ಯೆಯನ್ನು, ಬೇಕಾದರೆ ಹನ್ನೊಂದೂವರೆ ಸಾವಿರ ಅಂತ, ಪಟ್ಟಿಯ ಕೆಳಗೆ ದಿನಾ ಹಾಕಿದರೆ ಅರ್ಧ ಗೊಂದಲ ಹೋಗುತ್ತದೆ.

ಬೆಂಗಳೂರಿಗೆ ಕಾವೇರಿ ಕುಡಿಯುವ ನೀರಿನ ಯೋಜನೆಯ ಹಳೆಯ ಹಂತಗಳಿಂದ ದಿನಕ್ಕೆ 1,450 ಎಂಎಲ್‌ಡಿ, 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತದಿಂದ 775, ಎರಡೂ ಸೇರಿ 2,225. ಇದೂ ಸ್ವಲ್ಪ ನಗು ಬರಿಸುವ ಬರವಣಿಗೆಯೇ, ಎಂಎಲ್‌ಡಿ ಅಂದರೇನೇ ದಿನಕ್ಕೆ ಇಷ್ಟು ದಶಲಕ್ಷ ಲೀಟರ್ ಅಂತ, ಮತ್ತೆ ಮೇಲೆ "ದಿನಕ್ಕೆ" ಬೇರೆ, ಈಗ ನಾನೂ ಅದನ್ನೇ ಬರೆದೆ ನೋಡಿ. ಇರಲಿ. ಇಷ್ಟನ್ನೂ ಪೂರ್ತಿ ಎತ್ತಿದರೆ ಒಂದು ಟಿಎಂಸಿ ಬೆಂಗಳೂರಿಗೆ ಹೆಚ್ಚುಕಡಿಮೆ 13 ದಿನಕ್ಕೆ ಆಗುತ್ತದೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿ ಕಡೆಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ನೀರು ಇದು.

ಹಾಗಾದರೆ "ಬೆಂಗಳೂರಿಗೆ ಇನ್ನು ಇಷ್ಟು ದಿನಕ್ಕೆ ನೀರಿದೆ" ಅಂತ ಪಟ್ಟಿಯಲ್ಲಿ ಹಾಕಿ ಅಂತ ಕೇಳೋಣ ಅಂದುಕೊಂಡಿದ್ದೆ. ನಮ್ಮ ಲಿಫ್ಟ್ ಬೋರ್ಡಿನ ಹಾಗೆ. ಬರೆಯುತ್ತಾ ಬರೆಯುತ್ತಾ ಬೇಡ ಅನ್ನಿಸಿತು. ಡ್ಯಾಂನಲ್ಲಿ 20 ಟಿಎಂಸಿ ಇದ್ದರೆ ಆ ಲೆಕ್ಕ ಎಂಟು ತಿಂಗಳು ದಾಟುತ್ತದೆ, ಬೆಂಗಳೂರಿನವನು ನೆಮ್ಮದಿಯಾಗಿ ಕಾರು ತೊಳೆಯುತ್ತಾನೆ. ಆದರೆ ಅದೇ ನೀರಿನಲ್ಲಿ ವಿಶ್ವೇಶ್ವರಯ್ಯ ನಾಲೆ ಕೆಳಗಿನ ಮಂಡ್ಯದ ಗದ್ದೆ ಇದೆ, ಮೈಸೂರಿನ ಕುಡಿಯುವ ನೀರು ಇದೆ, ತಮಿಳುನಾಡಿನ ಪಾಲು ಇದೆ, ತಳದಲ್ಲಿ ಎತ್ತಲಾಗದ ನೀರೂ ಇದೆ. ಕೆಆರ್‌ಎಸ್ ಬೆಂಗಳೂರಿನ ಸಂಪ್ ಅಲ್ಲ. ಸುಲಭ ಮಾಡಲು ಹೋಗಿ ಮಂಡ್ಯದವರನ್ನು ಲೆಕ್ಕದಿಂದಲೇ ಅಳಿಸಿಬಿಟ್ಟ ಹಾಗಾಗುತ್ತದೆ. ಅದಕ್ಕಿಂತ ಅಡಿಯೇ ವಾಸಿ.

ಒತ್ತಡದ ದಿನಗಳಲ್ಲಿ ಈ ಗೊಂದಲ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ 2016ರ ಸೆಪ್ಟೆಂಬರ್ ನೋಡಿ. 5ನೇ ತಾರೀಖು ಸುಪ್ರೀಂ ಕೋರ್ಟ್ ತಮಿಳುನಾಡಿಗೆ ಹತ್ತು ದಿನ 15,000 ಕ್ಯೂಸೆಕ್ ಬಿಡಿ ಅಂದಿತು. ಅಂದರೆ ಒಟ್ಟು ಸುಮಾರು 13 ಟಿಎಂಸಿ. 12ನೇ ತಾರೀಖು ಅದನ್ನು 12,000ಕ್ಕೆ ಇಳಿಸಿತು, ಆದರೆ 20ರವರೆಗೆ ಬಿಡಬೇಕು ಅಂದಿತು. 15 ಹೋಗಿ 12 ಆದರೆ ಕೇಳಿದವರಿಗೆ ಕಡಿಮೆ ಆಯಿತು ಅನ್ನಿಸುತ್ತದೆ. ದಿನಗಳನ್ನು ಸೇರಿಸಿ ಗುಣಿಸಿ ನೋಡಿ, ಒಟ್ಟು 16 ಟಿಎಂಸಿ ದಾಟುತ್ತದೆ. ಅಂದರೆ ಜಾಸ್ತಿ ಆಯಿತು. ಅದೇ ದಿನ ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟವು, ಹಲವು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಂತು. ಟಿಎಂಸಿಯಲ್ಲಿ ಬರೆದಿದ್ದರೆ ಬಸ್ಸು ಸುಡುತ್ತಿರಲಿಲ್ಲ ಅಂತ ಹೇಳುವಷ್ಟು ಪೆದ್ದ ನಾನಲ್ಲ. ಸುಡುವವರು ಪಟ್ಟಿ ಓದಿ ಬರುವುದಿಲ್ಲ. ಆದರೆ ಮನೆಯಲ್ಲಿ ಕೂತು ಟಿವಿ ನೋಡುತ್ತಿದ್ದ ನನ್ನಂಥವರಿಗೆ ಆ ದಿನ ನಮ್ಮ ನೀರು ಹೆಚ್ಚು ಹೋಗುತ್ತಿದೆಯೋ ಕಡಿಮೆ ಹೋಗುತ್ತಿದೆಯೋ ಅನ್ನುವುದೇ ಗೊತ್ತಿರಲಿಲ್ಲ, ಸಿಟ್ಟು ಮಾತ್ರ ಇತ್ತು.

2023ರಲ್ಲೂ ಹಾಗೇ. ಆಗಸ್ಟ್ ಕೊನೆಗೆ 15 ದಿನ 5,000 ಕ್ಯೂಸೆಕ್ ಬಿಡಿ ಅಂತ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಆದೇಶ ಬಂತು. ಎಲ್ಲ ಕಡೆ "ದಿನಕ್ಕೆ 5,000 ಕ್ಯೂಸೆಕ್". ಕ್ಯೂಸೆಕ್ ಅನ್ನುವುದು ವೇಗ ಸ್ವಾಮಿ, ಪ್ರಮಾಣ ಅಲ್ಲ. "ದಿನಕ್ಕೆ ಗಂಟೆಗೆ 40 ಕಿಲೋಮೀಟರ್" ಅಂದ ಹಾಗೆ ಕೇಳಿಸುತ್ತದೆ. ನಮ್ಮ ಬೀದಿಯ ಹೂವಿನ ಅಂಗಡಿಯವರು 5,000 ಅಂದರೆ ಒಟ್ಟು 5,000 ಟ್ಯಾಂಕರ್ ಅಂದುಕೊಂಡಿದ್ದರು. 15 ದಿನಕ್ಕೆ ಸುಮಾರು ಆರೂವರೆ ಟಿಎಂಸಿ ಅಂತ ಒಂದು ಸಾಲು ಸಾಕಿತ್ತು. ಆ ಅಳತೆ ಆಗುವುದು ಗಡಿಯ ಬಿಳಿಗುಂಡ್ಲುವಿನಲ್ಲಿ, ಅಲ್ಲಿಗೆ ಕಬಿನಿಯ ನೀರೂ ಸೇರಿ ಹೋಗುತ್ತದೆ ಅಂತ ಇನ್ನೊಂದು ಸಾಲು. ನಿಮ್ಮ ಪಟ್ಟಿಯ "ಹೊರಹರಿವು" ಕಾಲಂ ನೋಡಿ ಅಷ್ಟೂ ನೀರು ಗಡಿ ದಾಟಿತು ಅಂದುಕೊಳ್ಳುವವರು ನನ್ನ ಆಫೀಸಿನಲ್ಲೇ ಇದ್ದಾರೆ. ಅದರಲ್ಲಿ ನಾಲೆಗೆ ಎಷ್ಟು, ನದಿಗೆ ಎಷ್ಟು ಅಂತ ಬಿಡಿಸಿ ಹಾಕಿದರೆ ಎಷ್ಟೋ ಜಗಳ ಕ್ಯಾಂಟೀನಿನಲ್ಲೇ ಮುಗಿಯುತ್ತದೆ.

"ಹಿಂದಿನ ವರ್ಷ ಇದೇ ದಿನ" ಅನ್ನುವ ಕಾಲಂ ಬಗ್ಗೆಯೂ ಒಂದು ಮಾತು. ಒಳ್ಳೆಯ ಉದ್ದೇಶದ್ದು, ಆದರೆ ಮೋಸ ಮಾಡುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬಲೇ ಇಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಅದರ ಪಕ್ಕದಲ್ಲಿ 2024 ಇಟ್ಟರೆ ಯಾವ ಮಟ್ಟವೂ ಹಬ್ಬದ ಹಾಗೆ ಕಾಣುತ್ತದೆ. 2025ರಲ್ಲಿ ಜೂನ್ ಮುಗಿಯುವುದರೊಳಗೇ ತುಂಬಿಬಿಟ್ಟಿತು, ಹಾಗೆ ಆಗುವುದು ತೀರಾ ಅಪರೂಪ. ಅದರ ಪಕ್ಕದಲ್ಲಿ ಮುಂದಿನ ಯಾವ ಸಾಧಾರಣ ವರ್ಷ ಇಟ್ಟರೂ ಬರಗಾಲ ಬಂದ ಹಾಗೆ ಕಾಣುತ್ತದೆ. ಒಂದೇ ವರ್ಷದ ಬದಲು ಹತ್ತು ವರ್ಷದಲ್ಲಿ ಇದೇ ದಿನ ಸಾಮಾನ್ಯವಾಗಿ ಎಷ್ಟಿರುತ್ತಿತ್ತು ಅಂತ ಹಾಕಿ. ಸರಾಸರಿಯನ್ನು ಈಗಷ್ಟೇ ಬೈದಿದ್ದೆ ಅಲ್ವಾ? ಹೌದು. ಬಕೆಟ್ ಹಿಡಿದು ನಿಂತವನಿಗೆ ಸರಾಸರಿ ಹೇಳಬಾರದು. ವರ್ಷ ಹೇಗಿದೆ ಅಂತ ಅಳೆಯಲು ಅದೇ ಬೇಕು.

ಮಳೆಯ ಮಿಲಿಮೀಟರ್ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111 ಮಿಲಿಮೀಟರ್ ಸುರಿಯಿತು, ಜೂನ್ ತಿಂಗಳ ಒಂದು ದಿನದ ದಾಖಲೆ. ನೀವು "111.1 ಮಿ.ಮೀ." ಅಂತ ಬರೆದಿರಿ. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. 30-40 ಸೈಟಿನ ಲೆಕ್ಕ ಹಾಕಿದರೆ 12 ಸಾವಿರ ಲೀಟರ್ ದಾಟುತ್ತದೆ, ಅಂದರೆ ಒಂದೊಂದು ಸೈಟಿನ ಮೇಲೂ ಒಂದು ದೊಡ್ಡ ಟ್ಯಾಂಕರ್ ತಂದು ಸುರಿದ ಹಾಗೆ. ಆ ಮಳೆಗೆ ಮೂರು ತಿಂಗಳ ಮೊದಲು ಅದೇ 12 ಸಾವಿರ ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗಾದರೆ 1,000 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತ್ತು. ಹೀಗೆ ಬರೆದರೆ ರಾಜಕಾಲುವೆ ಯಾಕೆ ಉಕ್ಕಿತು ಅನ್ನುವುದೂ, ಮಳೆ ನೀರು ಹಿಡಿಯುವ ತೊಟ್ಟಿ ಯಾಕೆ ಬೇಕು ಅನ್ನುವುದೂ ಬೇರೆ ಲೇಖನ ಇಲ್ಲದೇ ತಿಳಿಯುತ್ತದೆ.

ನಿಮ್ಮ ಕಷ್ಟವೂ ಗೊತ್ತು. ಪುಟ ಕಟ್ಟುವ ಹೊತ್ತಿಗೆ ಅಂಕಿ ಫೋನಿನಲ್ಲಿ ಬರುತ್ತದೆ, ಪಟ್ಟಿಗೆ ಇರುವ ಜಾಗ ಎರಡು ಬೆರಳಷ್ಟು, ಪಕ್ಕದಲ್ಲಿ ಜಾಹೀರಾತು ಕಾಯುತ್ತಿರುತ್ತದೆ. ಅದಕ್ಕೇ ನಾನು ಹೊಸ ಪುಟ ಕೇಳುತ್ತಿಲ್ಲ. ಇರುವ ಪಟ್ಟಿಯಲ್ಲಿ ಅಡಿಯ ಎರಡು ಕಾಲಂ ತೆಗೆಯಿರಿ. ಅಲ್ಲಿ "ಒಟ್ಟು ಎಷ್ಟು ಟಿಎಂಸಿ ಹಿಡಿಯುತ್ತದೆ, ಇವತ್ತು ಎಷ್ಟಿದೆ, ನೂರಕ್ಕೆ ಎಷ್ಟು" ಅಂತ ಹಾಕಿ. ಕಾವೇರಿಯ ನಾಲ್ಕೂ ಡ್ಯಾಂ ಸೇರಿಸಿ ಕೆಳಗೆ ಒಂದು ಸಾಲು: 114.57 ಟಿಎಂಸಿಯಲ್ಲಿ ಇಂದು ಇಷ್ಟು. ಅಡಿಗೆ ಒಗ್ಗಿಹೋದ ಹಳಬರು ಗೊಣಗುತ್ತಾರೆ, ನಮ್ಮಪ್ಪನೂ ಗೊಣಗುತ್ತಾರೆ, ಅವರಿಗೆ 124 ಅಂದರೆನೇ ಡ್ಯಾಂ ತುಂಬಿದ ಹಾಗೆ. ಅವರಿಗೋಸ್ಕರ ಅಡಿಯನ್ನು ಬ್ರಾಕೆಟ್‌ನಲ್ಲಿ ಉಳಿಸಿ ಬೇಕಾದರೆ. ಅಂಕಿ ಇನ್ನೂ ಬಂದಿಲ್ಲದ ದಿನ ನಿನ್ನೆಯದನ್ನೇ ತಿರುಗಿ ಅಚ್ಚು ಹಾಕಬೇಡಿ. "ಇಂದಿನದು ಬಂದಿಲ್ಲ" ಅಂತ ಬರೆಯಿರಿ, ಯಾರೂ ಬೈಯುವುದಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ.

ಇತಿ,
ಅಪಾರ್ಟ್‌ಮೆಂಟ್ ಸಂಘದ ಮಾಜಿ ಖಜಾಂಚಿ
ಸರ್ಜಾಪುರ ರಸ್ತೆ, ಬೆಂಗಳೂರು

ತಾ.ಕ.: ಪತ್ರ ಮುಗಿಸಿದ ಮೇಲೆ ಮಗಳು ಪಟ್ಟಿಯನ್ನು ಮತ್ತೊಮ್ಮೆ ನೋಡಿ ಆಲಮಟ್ಟಿಯ ಮೇಲೆ ಬೆರಳಿಟ್ಟಳು. ಗರಿಷ್ಠ ಮಟ್ಟ 519.60. ಉಳಿದದ್ದೆಲ್ಲ ಅಡಿ, ಇದೊಂದು ಮೀಟರ್. ಅಡಿಗೆ ತಂದರೆ 1,704 ದಾಟುತ್ತದೆ. ಮೀಟರ್ ಅಂತ ಪಕ್ಕದಲ್ಲಿ ಬರೆದಿದ್ದೀರಿ ನಿಜ, ಅಕ್ಷರ ಎಷ್ಟು ಸಣ್ಣದೆಂದರೆ ನಾನು ಕನ್ನಡಕ ಹಾಕಿಕೊಂಡು ನೋಡಬೇಕಾಯಿತು.